ಮೀಟರಪ್ಪನವರ ಮಧ್ಯಾಹ್ನದ ಟೀ

ಕೂರುವುದು ಸುಲಭದ ಕೆಲಸ ಎಂದು ನೀವು ತಿಳಿದಿದ್ದರೆ, ಹುಟ್ಟಿದಾಗಿನಿಂದ ಕೂತೇ ಬಂದಿದ್ದೀರಿ ಎಂದರ್ಥ. ನಮ್ಮ ಪಕ್ಕದ ಮನೆಯ ಮೀಟರಪ್ಪನವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಅವರು ಮೀಸೆ ಮೂಡುವ ಹೊತ್ತಿಗೆ ಒಂದು ದೊಡ್ಡ ಬಟ್ಟೆ ಅಂಗಡಿಯ ಕೋಟಿನ ಬಟ್ಟೆಯ ವಿಭಾಗದಲ್ಲಿ ನಿಂತವರು, ಆ ಮೀಸೆ ಬೆಳ್ಳಗಾಗುವ ತನಕ ನಿಂತೇ ಇದ್ದರು. ಅಲ್ಲಿ ಕುರ್ಚಿ ಇದ್ದದ್ದು ಗಿರಾಕಿಗಳಿಗೆ. ಮೀಟರಪ್ಪನವರಿಗೆ ಇದ್ದದ್ದು ಹಿತ್ತಾಳೆ ತುದಿಯ ಮೀಟರ್ ಕೋಲು. ಆ ಕೋಲಿನಿಂದಲೇ ಬೀದಿಯವರು ಅವರಿಗೆ ಈ ಹೆಸರಿಟ್ಟರು. ತಂದೆತಾಯಿ ಇಟ್ಟ ಹೆಸರು ಏನೆಂದು ಈಗ ಕೇಳಿದರೆ ಅವರೇ ಸ್ವಲ್ಪ ಯೋಚಿಸಬೇಕಾಗುತ್ತದೆ.

ಗಿರಾಕಿ ಹೊಸ್ತಿಲು ತುಳಿದರೆ ಸಾಕು, ಅವರ ಬೆನ್ನು ತಾನಾಗಿ ಅರ್ಧ ಬಗ್ಗುತ್ತಿತ್ತು, ಬಾಯಿ ತಾನಾಗಿ “ಬನ್ನಿ ಸಾರ್, ಏನು ತೋರಿಸ್ಲಿ?” ಎನ್ನುತ್ತಿತ್ತು. ಮನೆಯಲ್ಲೂ ಅಷ್ಟೆ. ನಾನು ಒಮ್ಮೆ ಸ್ಕ್ರೂ ಡ್ರೈವರ್ ಕೇಳಲು ಹೋದಾಗ “ಬನ್ನಿ ಸಾರ್” ಎಂದು ಎದ್ದು ನಿಂತು, ನನ್ನ ಶರ್ಟಿನ ಕಾಲರನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಮುಖ ಕಿವುಚಿ, ಆಮೇಲೆ ಸ್ಕ್ರೂ ಡ್ರೈವರ್ ಕೊಟ್ಟರು.

ಜನ ಕೋಟು ಹೊಲಿಸುವುದನ್ನು ಬಿಟ್ಟರು. ಹೊಲಿದದ್ದನ್ನೇ ತಗೊಂಡು, ಭುಜ ಜಾರಿದರೂ ಹಾಕಿಕೊಂಡು ಓಡಾಡುವ ಕಾಲ ಬಂತು. ಮಾಲೀಕ ಒಂದು ದಿನ ಆ ವಿಭಾಗವನ್ನೇ ಮುಚ್ಚಿದ. ಮೀಟರಪ್ಪನವರನ್ನು ಕರೆದು, “ಇಷ್ಟು ವರ್ಷ ದುಡಿದಿದ್ದೀರಿ, ನಿಮಗೆ ಬೇಕಾದ ಬಟ್ಟೇಲಿ ಒಂದು ಕೋಟಿನಷ್ಟು ತಗೊಂಡು ಹೋಗಿ” ಎಂದ. ಕತ್ತರಿಸಿಕೊಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ತಮ್ಮ ಬಟ್ಟೆಯನ್ನು ಅವರೇ ಅಳೆದು ಕತ್ತರಿಸಿಕೊಂಡರು. ಮಾಲೀಕನಿಗೆ ನಷ್ಟವಾಗಬಾರದೆಂದು ಒಂದು ಬೆರಳಿನಷ್ಟೂ ಹೆಚ್ಚು ತೆಗೆದುಕೊಳ್ಳಲಿಲ್ಲ. ಇಂಥವರನ್ನು ಕಂಡರೆ ನನಗೆ ಪಾಪ ಅನ್ನಿಸುವುದಿಲ್ಲ, ಸಿಟ್ಟು ಬರುತ್ತದೆ.

ಈ ಸುದ್ದಿಯನ್ನು ಅವರು ಹೆಂಡತಿಗೆ ಹೇಳಲಿಲ್ಲ. ಆಕೆಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತೇವೆ. ಅತ್ತಿಗೆ ಬಾಯಿ ಜೋರಿನವರೇನಲ್ಲ. ಆದರೆ ಅವರ ತಮ್ಮ ತೆರಿಗೆ ಆಫೀಸಿನಲ್ಲಿ ಗುಮಾಸ್ತ, “ಭಾವ ಜೀವನಪೂರ್ತಿ ಬಟ್ಟೆ ಮಡಚಿದ್ದೇ ಬಂತು” ಎಂದು ಹಬ್ಬಿಸಿಕೊಂಡು ತಿರುಗುವವನು. ಬಟ್ಟೆ ಮಡಚುವುದೂ ಹೋಯಿತೆಂದು ಗೊತ್ತಾದರೆ ಅವನ ಬಾಯಿ ಹಿಡಿಯುವವರು ಯಾರು? ಅದಕ್ಕೇ ಮೀಟರಪ್ಪನವರು ಕೋಟು ಹೊಲಿಸಿಕೊಂಡರು. ಹೆಂಡತಿ ಕೇಳಿದ್ದಕ್ಕೆ, “ಕಂಪನಿಯವರು ನನ್ನನ್ನ ಸಲಹೆಗಾರ ಅಂತ ಮಾಡಿದ್ದಾರೆ ಇವಳೇ. ಇನ್ಮೇಲೆ ನಿಲ್ಲೋ ಕೆಲಸ ಇಲ್ಲ” ಎಂದರು. ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಡುವುದು, ಊರ ಬೀದಿಗಳನ್ನು ಅಳೆಯುವುದು, ಪಾರ್ಕಿನ ಬೆಂಚಿನಲ್ಲಿ ಉಂಡು ಸಂಜೆ ವಾಪಸಾಗುವುದು. ಅತ್ತಿಗೆ ಮೊದಲ ಬಾರಿಗೆ ಗಂಡನ ಕೋಟಿನ ಹೆಗಲನ್ನು ಕೈಯಲ್ಲಿ ಒರೆಸಿ ಕಳಿಸಿಕೊಟ್ಟರು. ಆ ಒರೆಸಿದ ಕೈ ಇದೆಯಲ್ಲ, ಅದೇ ಅವರ ತಲೆ ಕೆಡಿಸಿದ್ದು. ಅದನ್ನು ಕಳೆದುಕೊಳ್ಳುವುದಕ್ಕಿಂತ ಏನು ಬೇಕಾದರೂ ಆಗಲಿ ಎನ್ನುವ ಸ್ಥಿತಿಗೆ ಬಂದರು.

ಒಂದು ದಿನ ಧೈರ್ಯ ಮಾಡಿ ಊರಿನ ಅತಿ ದೊಡ್ಡ ಹೋಟೆಲಿಗೆ ಬಾಗಿಲು ಕಾಯುವ ಕೆಲಸವಾದರೂ ಸಿಕ್ಕೀತೇ ಎಂದು ಕೇಳಲು ಹೋದರು. ಅಲ್ಲಿ ಮಧ್ಯಾಹ್ನ ಮೂರರ ನಂತರ ಟೀ ಕೊಡುತ್ತಾರೆ. ನೀವು ನಾವು ಕುಡಿಯುವ ಟೀ ಅಲ್ಲ ಅದು. ಬೆಳ್ಳಿಯ ಕೆಟಲು, ಇಸ್ತ್ರಿ ಮಾಡಿದ ಕರವಸ್ತ್ರ, ಮೂಲೆಯಲ್ಲಿ ಪಿಯಾನೋ ಬಾರಿಸುವ ಒಬ್ಬ ದುಃಖಿ, ಮೇಜಿನ ಮೇಲೆ ಮೂರು ಅಂತಸ್ತಿನ ತಟ್ಟೆ. ಕೆಳಗಿನ ಅಂತಸ್ತಿನಲ್ಲಿ ಬೆರಳಿನಷ್ಟು ಸ್ಯಾಂಡ್‌ವಿಚ್, ನಡುವೆ ಗುಂಡನೆಯ ಬನ್ನು, ಮೇಲೆ ಬಣ್ಣಬಣ್ಣದ ಕೇಕು. ಹೊಟ್ಟೆ ತುಂಬಿದವರು ಹಸಿವಿನ ನಾಟಕವಾಡಲು ಮಾಡಿಕೊಂಡ ಏರ್ಪಾಡು ಅದು ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಹಿರಿಯ ವೇಟರ್ ನನ್ನ ಷಡ್ಡಕ. ಒಳಗಿನ ಸಂಗತಿ ನನಗೆ ತಿಳಿದದ್ದು ಅವನಿಂದ.

ಆ ದಿನ ಕೋಣೆ ಖಾಲಿ ಹೊಡೆಯುತ್ತಿತ್ತು. ಕೋಟಿನಲ್ಲಿ ಬಂದ ಮೀಟರಪ್ಪನವರನ್ನು ಅತಿಥಿಯೆಂದು ತಿಳಿದು ನನ್ನ ಷಡ್ಡಕ ಬೀದಿಗೆ ಕಾಣುವ ಗಾಜಿನ ಕಿಟಕಿ ಪಕ್ಕ ಕೂರಿಸಿದ. ಇವರು ಬಾಯಿ ಬಿಟ್ಟು ವಿಷಯ ಹೇಳುವಷ್ಟರಲ್ಲಿ, ಒಳಗೆ ಹೋಗಲೋ ಬೇಡವೋ ಎಂದು ಹೊರಗೆ ನಿಂತಿದ್ದ ಒಂದು ಕುಟುಂಬ ಇವರ ಬಿಳಿ ಮೀಸೆ, ಕೋಟು ನೋಡಿ ಒಳಗೆ ಬಂತು. ಅವರ ಹಿಂದೆ ಇನ್ನೊಂದು ಜೋಡಿ. ಮ್ಯಾನೇಜರ್ ದೂರದಿಂದ ಇದನ್ನು ನೋಡಿದ. ಅವನು ವ್ಯಾಪಾರಿ, ಕಣ್ಣು ಚುರುಕು. ಹತ್ತಿರ ಬಂದು ಮೀಟರಪ್ಪನವರು ಬಂದ ಕಾರಣ ಕೇಳಿ ತಿಳಿದುಕೊಂಡ.

“ನಿಮಗೆ ಕೆಲಸ ಬೇಕಾ? ಇದೇ ಕೆಲಸ. ಇಲ್ಲೇ ಕೂತಿರಿ,” ಎಂದ.

“ಕೂತು ಏನು ಮಾಡ್ಬೇಕು ಸಾರ್?”

“ಕೂತಿರಿ ಅಂದ್ನಲ್ಲ! ಖಾಲಿ ಜಾಗಕ್ಕೆ ಯಾವ ದೊಡ್ಡ ಮನುಷ್ಯನೂ ಕಾಲಿಡಲ್ಲ. ನಿಮ್ಮ ಮುಖದಲ್ಲಿ ದೊಡ್ಡ ಮನುಷ್ಯನ ಕಳೆ ಇದೆ.”

ದೊಡ್ಡ ಮನುಷ್ಯರಿಗೆ ಬಟ್ಟೆ ತೋರಿಸಿ ತೋರಿಸಿ ಬಂದ ಕಳೆ ಅದು ಎಂದು ಅವನಿಗೆ ಗೊತ್ತಾಗಲಿಲ್ಲ.

ಕೆಲಸದ ನಿಯಮಗಳು ಕಠಿಣವಾಗಿದ್ದವು. ಆಗಾಗ ಕಪ್ಪು ಎತ್ತಬೇಕು, ತುಟಿಗೆ ತಾಗಿಸಬೇಕು. ಯಾರೊಂದಿಗೂ ಮಾತಾಡಬಾರದು. ಮುಖ್ಯವಾಗಿ ತಟ್ಟೆಯಲ್ಲಿರುವುದನ್ನು ಮುಟ್ಟಬಾರದು. ಏಕೆಂದರೆ ಕಿಟಕಿಯ ಬಿಸಿಲಿಗೆ ನಿಜವಾದ ಕ್ರೀಮು ಕರಗಿ ಹೋಗುವುದರಿಂದ ಆ ಮೇಜಿನ ಕೇಕು, ಬನ್ನು, ಸ್ಯಾಂಡ್‌ವಿಚ್ ಎಲ್ಲವನ್ನೂ ಪ್ಲಾಸ್ಟರಿನಲ್ಲಿ ಮಾಡಿಸಿ ಬಣ್ಣ ಬಳಿಸಿದ್ದರು. ಸ್ಟ್ರಾಬೆರಿಗೆ ಮೆರುಗೆಣ್ಣೆ ಹಚ್ಚಿತ್ತು. ವಾರಕ್ಕೊಮ್ಮೆ ನನ್ನ ಷಡ್ಡಕ ಒದ್ದೆ ಬಟ್ಟೆಯಿಂದ ಅವುಗಳ ಧೂಳು ಒರೆಸುತ್ತಿದ್ದ.

ಇವೆಲ್ಲ ಸರಿಯೇ. ತೊಂದರೆ ಬಂದದ್ದು ಕೂರುವುದರಲ್ಲಿ. ಬಾಗಿಲ ಗಂಟೆ ಕಿಣಿ ಎಂದರೆ ಮೀಟರಪ್ಪನವರು ಎದ್ದು ನಿಲ್ಲುತ್ತಿದ್ದರು. ಮೊದಲ ದಿನವೇ ಯಾರೋ ಶ್ರೀಮಂತ ಹೆಂಗಸಿಗೆ ಬಗ್ಗಿ, “ಬನ್ನಿ ಮೇಡಂ, ಏನು ತೋರಿಸ್ಲಿ?” ಎಂದುಬಿಟ್ಟರು. ಇನ್ನೊಬ್ಬ ಅತಿಥಿಯ ಮುಂದೆ ಮೇಜಿನ ಬಟ್ಟೆ ಎತ್ತಿ ಉಜ್ಜಿ ನೋಡಿ, “ಇದರಲ್ಲಿ ಅರ್ಧ ಕಲಬೆರಕೆ ನೂಲು. ಎರಡು ಸಲ ಒಗೆದ್ರೆ ಮುಗೀತು” ಎಂದು ತಿಳಿವಳಿಕೆ ಕೊಟ್ಟರು. ಮ್ಯಾನೇಜರ್ ಹಲ್ಲು ಕಡಿದ. ಕೊನೆಗೆ ನನ್ನ ಷಡ್ಡಕ ಉಪಾಯ ಮಾಡಿ, ಅವರು ಕೂತ ಮೇಲೆ ಮೇಜನ್ನು ಹೊಟ್ಟೆಗೆ ತಾಗುವ ಹಾಗೆ ತಳ್ಳಿ ಇಡತೊಡಗಿದ. ಗಂಟೆ ಕಿಣಿ ಎಂದಾಗ ಮೀಟರಪ್ಪನವರು ಏಳಲು ಹೋಗಿ, ಮೇಜಿಗೆ ಹೊಟ್ಟೆ ಒತ್ತಿ, ಉಸಿರು ಬಿಟ್ಟು ಅಲ್ಲೇ ಕುಸಿಯುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಶ್ರೀಮಂತರ ನಿಟ್ಟುಸಿರಿನಂತೆ ಕಾಣುತ್ತಿತ್ತು.

ಹೀಗೆ ನಿಟ್ಟುಸಿರು ಬಿಡುತ್ತಿದ್ದಾಗ ತೆರಿಗೆ ಆಫೀಸಿನ ಜವಾನನೊಬ್ಬ ಸಾಲಾಗಿ ಮೂರು ದಿನ ಕಿಟಕಿಯಾಚೆ ಹಾದುಹೋದ. ಮೂರನೆಯ ಸಂಜೆಯೊಳಗೆ ಸುದ್ದಿ ನಮ್ಮ ಬೀದಿ ಮುಟ್ಟಿತು.

“ದಿನಾ ಹೋಗ್ತಾರಂತೆ!” ಎಂದರು ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು. “ಅದೂ ಕಿಟಕಿ ಪಕ್ಕ. ಮುಂದೆ ಮೂರು ಅಂತಸ್ತು ತುಂಬಾ ತಿಂಡಿ. ಆದ್ರೆ ಒಂದು ಚೂರೂ ಮುಟ್ಟೋದಿಲ್ವಂತೆ, ಹಾಗೇ ಬಿಟ್ಟು ಎದ್ದು ಬರ್ತಾರಂತೆ!”

ಹೋಟೆಲಿಗೆ ಹೋಗಿ ತಿಂದು ಬಂದಿದ್ದರೆ ಬೀದಿ ಅವರನ್ನು ಹೊಟ್ಟೆಬಾಕ ಎಂದು ಕರೆದು ಸುಮ್ಮನಾಗುತ್ತಿತ್ತು. ತಿನ್ನದೆ ಬಿಟ್ಟು ಬಂದದ್ದು ಎಲ್ಲರ ನಿದ್ದೆ ಕೆಡಿಸಿತು. ಬೇಕರಿಯವನು ಅವರನ್ನು ಕಂಡರೆ ಅಂಗಡಿಯಿಂದ ಇಳಿದು ಬರತೊಡಗಿದ. ಮನೆ ಮಾಲೀಕ ಎಷ್ಟೋ ವರ್ಷಗಳಿಂದ ಸೋರುತ್ತಿದ್ದ ಅವರ ನಲ್ಲಿಯನ್ನು ತಾನೇ ಬಂದು ರಿಪೇರಿ ಮಾಡಿಸಿದ. ನನ್ನ ನಲ್ಲಿ ಈಗಲೂ ಸೋರುತ್ತದೆ. ಹೆಡ್‌ಮಾಸ್ಟರು ಯಾರ ಮನೆಗೆ ಹೋದರೂ ತಟ್ಟೆಯಲ್ಲಿ ಒಂದು ಬಿಸ್ಕತ್ತು ಬಿಟ್ಟು ಏಳುವುದನ್ನು ರೂಢಿ ಮಾಡಿಕೊಂಡರು. ಬಿಡುವಾಗ ಅವರ ಕಣ್ಣು ಆ ಬಿಸ್ಕತ್ತಿನ ಮೇಲೆ ಇರುತ್ತಿದ್ದ ರೀತಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅತ್ತಿಗೆಯ ತಮ್ಮನಂತೂ ಬೆಳಗ್ಗೆ ಬೆಳಗ್ಗೆಯೇ ಪ್ರತ್ಯಕ್ಷನಾದ.

“ಏನು ಭಾವ ನೀವು! ಕಂಪನಿ ಸಲಹೆಗಾರರು ಅಂದ್ರೆ ಇಷ್ಟು ದೊಡ್ಡ ಹುದ್ದೆ ಅಂತ ನಂಗೆ ಹೇಳೋದಲ್ವಾ? ನಾನೇನು ಹೊರಗಿನವನಾ?”

“ಹಾಗೇನಿಲ್ಲಪ್ಪ... ಸುಮ್ನೆ ಕೂತ್ಕೊಳ್ಳೋದು, ಅಷ್ಟೆ.”

“ಕೇಳಿದ್ಯಾ ಅಕ್ಕ? ಸುಮ್ನೆ ಕೂತ್ಕೊಳ್ಳೋದಂತೆ! ನಮ್ಮ ಆಫೀಸರ್ ಕೂಡ ಹೀಗೇ ಹೇಳೋದು. ದೊಡ್ಡವರ ಮಾತೇ ಹಾಗೆ.”

ಮೀಟರಪ್ಪನವರು ಆಯುಷ್ಯದಲ್ಲಿ ಆಡಿದ ಅತ್ಯಂತ ಸತ್ಯವಾದ ಮಾತು ಹೀಗೆ ವಿನಯವೆಂದು ಲೆಕ್ಕಕ್ಕೆ ಹೋಯಿತು. ಅತ್ತಿಗೆ ಒಳಗಿನಿಂದ ಬಂದು ಕೋಟಿನ ಹೆಗಲು ಒರೆಸುತ್ತ, “ರೀ, ಒಂದಿನ ನನ್ನನ್ನೂ ಕರ್ಕೊಂಡು ಹೋಗಿ. ನಾನು ಏನೂ ಕೇಳಲ್ಲ. ಕೂತು ಒಂದು ಕಪ್ ಟೀ ಕುಡಿದು ಬರ್ತೀನಿ” ಎಂದರು. ಮದುವೆಯಾದಾಗಿನಿಂದ ಆಕೆ ಬಾಯಿ ಬಿಟ್ಟು ಕೇಳಿದ್ದು ಇದೊಂದೇ.

“ಅಲ್ಲಿ... ಹೆಂಗಸರಿಗೆ ಸರಿಹೋಗಲ್ಲ ಇವಳೇ.”

“ಹೆಂಗಸರು ತುಂಬಾ ಜನ ಇದ್ರು ಅಂತ ಜವಾನ ಹೇಳಿದ್ನಂತೆ.”

“ಟೀ ಚೆನ್ನಾಗಿರಲ್ಲ.”

“ಮತ್ತೆ ನೀವ್ಯಾಕೆ ದಿನಾ ಹೋಗ್ತೀರಿ?”

ಮೀಟರಪ್ಪನವರು ಊಟದ ಡಬ್ಬಿಯನ್ನು ಹುಡುಕತೊಡಗಿದರು. ಅತ್ತಿಗೆ ಕೈ ತೆಗೆದು ಒಳಗೆ ಹೋದರು. ಅಂದಿನಿಂದ ಮೀಟರಪ್ಪನವರು ದಿನಾ ಬೇರೆ ಬೇರೆ ನೆಪ ಹೇಳಿದರು. ನಮ್ಮಿಬ್ಬರ ಮನೆಯ ನಡುವಿನ ಗೋಡೆ ತೆಳು, ಎಲ್ಲವೂ ನನಗೆ ಕೇಳಿಸಿದೆ. ಕೇಳಿಸಬಾರದೆಂದು ನಾನು ಕಿವಿ ಮುಚ್ಚಿಕೊಳ್ಳಲಿಲ್ಲ ಎಂಬುದೂ ನಿಜ.

ಅತ್ತಿಗೆಯ ತಮ್ಮನಿಗೆ ವರ್ಗಾವಣೆಯ ಭಯವಿತ್ತು, ಆಫೀಸರನನ್ನು ಖುಷಿಪಡಿಸಬೇಕಿತ್ತು. ಒಂದು ಮಧ್ಯಾಹ್ನ ಅವನು ಭಾವನಿಗೆ ಹೇಳದೆ ಅಕ್ಕನನ್ನೂ ಆಫೀಸರನನ್ನೂ ಆ ಹೋಟೆಲಿಗೆ ಹೊರಡಿಸಿದ. ಆಕೆ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟರು. “ಭಾವ ನಮ್ಮನ್ನ ನೋಡಿ ಎಷ್ಟು ಖುಷಿ ಪಡ್ತಾರೆ ನೋಡಿ ಸಾರ್” ಎಂದು ಅವನು ದಾರಿಯುದ್ದಕ್ಕೂ ಆಫೀಸರನಿಗೆ ಹೇಳುತ್ತ ಬಂದ.

ಗಂಟೆ ಕಿಣಿ ಎಂದಿತು. ಮೀಟರಪ್ಪನವರು ತಲೆಯೆತ್ತಿ ನೋಡಿದರು. ಹೆಂಡತಿ, ಭಾವಮೈದುನ, ಮತ್ತೊಬ್ಬ ಸ್ಥೂಲಕಾಯದ ಗಂಭೀರ ಮನುಷ್ಯ. ಅವರು ಏಳಲು ಹೋದರು, ಮೇಜು ಬಿಡಲಿಲ್ಲ. ನಿಟ್ಟುಸಿರು ಹೊರಬಿತ್ತು.

ಆಫೀಸರನನ್ನು ಕಂಡು ಕೂತೇ ಇದ್ದ ಮನುಷ್ಯ ಆ ಊರಿನಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಆಫೀಸರ್ ಒಂದು ಕ್ಷಣ ಕೆಂಪಾದ, ಮರುಕ್ಷಣ ತಣ್ಣಗಾದ. “ಇವರು ನಿಜಕ್ಕೂ ದೊಡ್ಡವರೇ ಕಣಯ್ಯ” ಎಂದು ಗುಮಾಸ್ತನ ಕಿವಿಯಲ್ಲಿ ಹೇಳಿ, ತಾನೇ ಬಗ್ಗಿ ನಮಸ್ಕರಿಸಿ ಕೂತ.

ನನ್ನ ಷಡ್ಡಕ ಏನೂ ತೋಚದೆ ಇನ್ನೂ ಮೂರು ಕಪ್ಪು ತಂದಿಟ್ಟ. ಟೀ ನಿಜವಾದದ್ದೇ, ಬೇರೆ ಮೇಜಿನ ಟೀ ಸೊಪ್ಪಿಗೆ ಎರಡನೇ ಸಲ ನೀರು ಹಾಕಿದ್ದು. ಅತ್ತಿಗೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಗುಟುಕರಿಸಿ, ಕಿಟಕಿಯಾಚೆ ನೋಡಿ, ಮುಖವೆಲ್ಲ ಅರಳಿಸಿದರು. ಆಫೀಸರನ ಕೈ ತಟ್ಟೆಯ ಕಡೆ ಹೊರಟಿತು.

“ಮುಟ್ಬೇಡಿ!” ಎಂದು ಮೀಟರಪ್ಪನವರು ಕೂಗಿದರು.

ಪಿಯಾನೋ ಕೂಡ ಒಮ್ಮೆ ತಡವರಿಸಿತು. ಆಫೀಸರನ ಕೈ ಗಾಳಿಯಲ್ಲೇ ನಿಂತಿತು.

“ಅಂದ್ರೆ... ಸಾರ್... ಇಲ್ಲಿ ಒಂದು ಪದ್ಧತಿ ಇದೆ. ಮೊದಲು ನೋಡ್ಬೇಕು. ಬಟ್ಟೆ ಕೊಳ್ಳೋಕೆ ಮುಂಚೆ ನೋಡಲ್ವಾ, ಹಾಗೆ. ಚೆನ್ನಾಗಿ ನೋಡಿದ ಮೇಲೆ... ತಿನ್ನದೇ ಇರೋದು.”

“ಹೌದು ಹೌದು,” ಎಂದ ಆಫೀಸರ್, ಇದು ತನಗೆ ಚಿಕ್ಕಂದಿನಿಂದಲೂ ಗೊತ್ತಿದ್ದಂತೆ. “ನಾನು ಪರೀಕ್ಷೆಗೆ ಕೈ ಚಾಚಿದೆ ಅಷ್ಟೆ. ನೋಡೋಣ, ನೋಡೋಣ.”

ನಾಲ್ವರೂ ತಟ್ಟೆಯನ್ನು ನೋಡುತ್ತ ಕೂತರು. ಪಕ್ಕದ ಮೇಜಿನವರು ಇವರನ್ನು ಕಂಡು, ತಾವೇನೋ ತಪ್ಪು ಮಾಡುತ್ತಿದ್ದೇವೆಂದು ತಿನ್ನುತ್ತಿದ್ದ ಬನ್ನನ್ನು ಕೆಳಗಿಟ್ಟು ತಾವೂ ನೋಡತೊಡಗಿದರು.

ಎಷ್ಟು ಹೊತ್ತೆಂದು ನೋಡಿಯಾರು? ಭಾವಮೈದುನ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದ. ಮೀಟರಪ್ಪನವರು ಹೆಂಡತಿಯ ಮುಖ ನೋಡುತ್ತಿದ್ದ ಸಮಯ ಸಾಧಿಸಿ ಒಂದು ಕೇಕನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡು ಬಲವಾಗಿ ಕಚ್ಚಿದ. ಲಟಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಅವನ ಕಣ್ಣಲ್ಲಿ ನೀರು ತುಂಬಿತು.

“ಹೇಗಿದೆಯಯ್ಯ?” ಎಂದ ಆಫೀಸರ್, ಆಸೆ ತಡೆಯಲಾರದೆ.

ಆಫೀಸರನ ಎದುರು ದೊಡ್ಡ ಹೋಟೆಲಿನ ತಿಂಡಿ ತನಗೆ ಅಗಿಯಲು ಬರುವುದಿಲ್ಲ ಎಂದು ಯಾವ ಗುಮಾಸ್ತ ಒಪ್ಪಿಕೊಂಡಾನು? “ತುಂಬಾ... ತುಂಬಾ ಚೆನ್ನಾಗಿದೆ ಸಾರ್. ಒಳ್ಳೆ ಮಾಲು. ಸ್ವಲ್ಪ ಗಟ್ಟಿ” ಎಂದು ಹೇಳಿ, ಕರಕರ ಅಗಿದು, ಟೀ ಸುರಿದುಕೊಂಡು ನುಂಗಿದ. ಗುಮಾಸ್ತನೇ ತಿಂದ ಮೇಲೆ ತಾನು ಬಿಟ್ಟರೆ ಮರ್ಯಾದೆಯೇ? ಆಫೀಸರ್ ಬನ್ನನ್ನು ಎತ್ತಿಕೊಂಡ. ಮೀಟರಪ್ಪನವರು ಕಣ್ಣು ಮುಚ್ಚಿಕೊಂಡರು. ಇನ್ನೊಂದು ಲಟಕ್.

“ಅದ್ಭುತ,” ಎಂದ ಆಫೀಸರ್, ಬಾಯಿಗೆ ಕರವಸ್ತ್ರ ಒತ್ತಿ. “ಇಂಥದ್ದು ಬೇರೆ ಕಡೆ ಸಿಗಲ್ಲ. ಆದ್ರೆ ನಂಗೆ ಈಗ ಆಫೀಸಲ್ಲಿ ಒಂದು ತುರ್ತು ಕೆಲಸ ಇದೆ.”

“ನಂಗೂ ಇದೆ ಸಾರ್,” ಎಂದ ಗುಮಾಸ್ತ. ಇಬ್ಬರೂ ದವಡೆ ಹಿಡಿದುಕೊಂಡು, ಆದರೆ ಗಾಂಭೀರ್ಯ ಬಿಡದೆ, ಹೊರಗೆ ನಡೆದರು.

ಮೇಜಿನಲ್ಲಿ ಗಂಡ ಹೆಂಡತಿ ಉಳಿದರು. ಅತ್ತಿಗೆ ಮೇಜಿನ ಮೇಲೆ ಬಿದ್ದಿದ್ದ ಬಿಳಿ ಚೂರನ್ನು ಉಗುರಿನಲ್ಲಿ ತಟ್ಟಿ ನೋಡಿದರು. ಬಹಳ ಮೆಲ್ಲಗೆ, “ರೀ, ಇದು ಸುಣ್ಣದ್ದು” ಎಂದರು.

ಮೀಟರಪ್ಪನವರು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಹಾರಿ ಬಂದ. ಅವನ ಬೂಟಿನ ಸದ್ದು ಕೇಳಿದ್ದೇ ತಡ, ಅಷ್ಟು ದಿನ ಜಗ್ಗದ ಮೇಜನ್ನು ಮೀಟರಪ್ಪನವರು ಹೊಟ್ಟೆಯಿಂದಲೇ ನೂಕಿ ಎದ್ದು ನಿಂತುಬಿಟ್ಟರು. ಬೆನ್ನು ಅರ್ಧ ಬಗ್ಗಿತ್ತು, ಕೈ ಕಟ್ಟಿತ್ತು.

“ತಿನ್ನೋಕೆ ಬಿಟ್ರಾ ಅದನ್ನ? ಮಾಡಿಸೋಕೆ ಎಷ್ಟು ದಿನ ಹಿಡೀತು ಗೊತ್ತಾ? ನಿಮ್ಮನ್ನ ಕೂರಿಸಿರೋದು ಯಾಕೆ? ಸುಮ್ನೆ ಕೂರೋಕೂ ಬರಲ್ವಲ್ರೀ ನಿಮಗೆ!” ಎಂದು ಹಲ್ಲು ಕಡಿದು ಹೇಳಿದ ಮ್ಯಾನೇಜರ್, ಅತ್ತಿಗೆಯ ಕಡೆ ತಿರುಗಿ ದನಿ ಬದಲಿಸಿದ. “ಕ್ಷಮಿಸಿ ಮೇಡಂ. ಇವನು ನಮ್ಮ ಕೆಲಸದವನು. ನಿಮಗೇನಾದ್ರೂ ತೊಂದ್ರೆ ಕೊಟ್ನಾ?”

ಅತ್ತಿಗೆ ಏಳಲಿಲ್ಲ. ಗಂಡನ ಬಗ್ಗಿದ ಬೆನ್ನನ್ನು ನೋಡಿದರು. ಇಷ್ಟು ವರ್ಷ ಆತ ಅಂಗಡಿಯಲ್ಲಿ ಹೇಗೆ ನಿಂತಿರುತ್ತಿದ್ದರೆಂದು ಆಕೆ ನೋಡಿದ್ದು ಅದೇ ಮೊದಲು. ಆಮೇಲೆ ಕಪ್ಪನ್ನು ಸದ್ದಾಗದಂತೆ ಸಾಸರಿನ ಮೇಲಿಟ್ಟು, “ಇವರು ನಮ್ಮ ಯಜಮಾನರು” ಎಂದರು.

ಅಷ್ಟರಲ್ಲಿ ಕಿಟಕಿಯಾಚೆ ನಿಂತು ಅತ್ತಿಗೆಯನ್ನೇ ನೋಡುತ್ತಿದ್ದ ಇಬ್ಬರು ಹೆಂಗಸರು ಬಾಗಿಲು ತಳ್ಳಿ ಒಳಗೆ ಬಂದರು. ಅವರ ಹಿಂದೆ ಮತ್ತಿಬ್ಬರು. ಮ್ಯಾನೇಜರ್ ಬಾಗಿಲನ್ನು ನೋಡಿದ, ಅತ್ತಿಗೆಯನ್ನು ನೋಡಿದ. ನೆಟ್ಟಗೆ ಕೂತ ಬೆನ್ನು, ಆ ಒಳ್ಳೆಯ ಬಟ್ಟೆ, ಆ ಮುಖ. ಆಗಲೇ ಹೇಳಿದೆನಲ್ಲ, ಅವನು ವ್ಯಾಪಾರಿ.

“ಮೇಡಂ, ನೀವು ನಾಳೆಯಿಂದ ಬರೋಕಾಗುತ್ತಾ? ನಿಮ್ಮನ್ನ ನೋಡಿದ್ರೆ ನಿಜವಾಗ್ಲೂ ಟೀ ಕುಡಿಯೋಕೆ ಬಂದವರ ಹಾಗೆ ಕಾಣುತ್ತೆ. ಇವರಿಗೆ ಕೊಡ್ತಿದ್ದುದನ್ನೇ ಕೊಡ್ತೀವಿ. ಇವರು ಬೇಡ.”

ಮೀಟರಪ್ಪನವರು ಹೆಂಡತಿ ಈಗ ಕಪ್ಪನ್ನು ಎತ್ತಿ ಎಸೆಯುತ್ತಾಳೆ ಎಂದುಕೊಂಡರು. ಎಸೆಯಲಿ ಎಂದು ಆಸೆಪಟ್ಟರು ಕೂಡ.

“ಮೂರು ಗಂಟೆಗಾ?” ಎಂದು ಕೇಳಿದರು ಅತ್ತಿಗೆ.

ಬೀದಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ. ಭಾವಮೈದುನ ಹಲ್ಲು ಕಟ್ಟಿಸಿಕೊಂಡ ಮೇಲೆ ಆ ಕೇಕಿನ ರುಚಿಯನ್ನು ಊರೆಲ್ಲ ಹೊಗಳಿದ. ಅವನ ವರ್ಗಾವಣೆಯೂ ನಿಂತಿತು, ಆಫೀಸರನಿಗೆ ತನ್ನ ಹಲ್ಲಿನ ಗುಟ್ಟು ಗೊತ್ತಿದ್ದವನನ್ನು ದೂರ ಕಳಿಸುವ ಧೈರ್ಯ ಬರಲಿಲ್ಲ. “ಹೋಗಿ ಹೋಗಿ ಮೀಟರಪ್ಪನವರಿಗೆ ಬೇಜಾರಾಗಿದೆ, ಈಗ ಹೆಂಡತೀನ ಕಳಿಸ್ತಾರೆ. ಹಣ ಇದ್ದವರ ದಾಂಪತ್ಯ ನೋಡಿ” ಎಂದು ಹೆಡ್‌ಮಾಸ್ಟರು ತಮ್ಮ ಹೆಂಡತಿಗೆ ಹೇಳಿ ಬೈಸಿಕೊಂಡರು.

ಆದರೆ ಆ ದಿನ ಸಂಜೆ ಗೋಡೆಯಾಚೆ ನಡೆದದ್ದನ್ನು ಕೇಳಿದವನು ನಾನು. ಮೊದಲು ಮೀಟರಪ್ಪನವರ ದನಿ ಬಂತು.

“ಏನಾದ್ರೂ ಬೈಯೇ.”

“ಯಾಕೆ ಬೈಲಿ?”

“ಸುಳ್ಳು ಹೇಳಿದ್ನಲ್ಲ. ಅಂಗಡಿ ಬಿಡಿಸಿ ತಿಂಗಳುಗಟ್ಟಲೆ ಆಯ್ತು.”

“ಬಿಡಿಸಿದ ದಿನವೇ ಬಂದು ಹೇಳಿದ್ರೆ ಇಬ್ಬರೂ ಕೂತು ಒಂದ್ಸಲ ಅತ್ತುಬಿಡಬಹುದಿತ್ತು. ನೀವು ಅದನ್ನೂ ಒಬ್ಬರೇ ಮುಗಿಸ್ಕೊಂಡ್ರಿ.”

“ಈಗ್ಲಾದ್ರೂ ಅತ್ತುಬಿಡು ಇವಳೇ. ನಾನಿದ್ದೀನಲ್ಲ.”

“ಈಗ ಆಗಲ್ಲ ರೀ,” ಎಂದರು ಅತ್ತಿಗೆ. “ನಾಳೆ ಮುಖ ಊದಿಕೊಂಡಿದ್ರೆ ಅವರು ಕೂರಿಸೋದಿಲ್ಲ.”

ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳುವ ಸದ್ದು ಕೇಳಿಸಿತು.